ಡಾಕ್ಟರಮ್ಮ ಹೇಳಿದ ಜೇನು

ನನ್ನ ತಂಗಿ ತಿಮ್ಮಿ ಅಂಕೋಲೆ ಪೇಟೆಯಲ್ಲಿ ಬಸಳೆ, ಹರಿವೆ ಮಾರುವವಳು. ಎಚ್ಚರವಿದ್ದಷ್ಟು ಹೊತ್ತೂ ಎಡಗೆನ್ನೆಯೊಳಗೆ ಎಲೆ, ಅಡಿಕೆ, ತಂಬಾಕಿನ ಕವಳ ಇರಲೇಬೇಕು. ಅಲ್ಲೇ ಹುಣ್ಣು ಎದ್ದು ಗಂಟಾಯಿತು. ಕಾರವಾರದ ಡಾಕ್ಟರಮ್ಮ, ಸ್ವಾತಿ ಎಂದು ಹೆಸರು, ಚೂರು ತೆಗೆದು ಪರೀಕ್ಷೆ ಮಾಡಿಸಿ ಕ್ಯಾನ್ಸರ್ ಎಂದರು. ಹುಬ್ಬಳ್ಳಿಗೆ ಹೋಗಿ ಕೊಯ್ಯಿಸಬೇಕು, ತಡ ಮಾಡಿದರೆ ಕುತ್ತಿಗೆಗೆ ಇಳಿಯುತ್ತದೆ ಎಂದೂ ಹೇಳಿದರು.

"ಕೊಯ್ಯದೇ ಆಗೂದಿಲ್ವಾ?" ತಿಮ್ಮಿ ಕೇಳಿದಳು.

"ಚೀನಾದಲ್ಲಿ ಜೀನ್ ಚಿಕಿತ್ಸೆ ಅಂತ ಶುರುವಾಗಿದೆ. ಗಂಟಿಗೇ ಸೂಜಿ ಹಾಕ್ತಾರೆ. ನಮ್ಮಲ್ಲಿಗೆ ಬಂದಿಲ್ಲ."

ನಮ್ಮಿಬ್ಬರಿಗೂ ಕೇಳಿಸಿದ್ದು ಜೇನು ಚಿಕಿತ್ಸೆ. ಬಸ್ಸಿನಲ್ಲಿ ತಿಮ್ಮಿ ನಕ್ಕಳು. "ಚೀನಾದವ್ರ ಜೇನು ಬರ್ದಿದ್ರೆ ಬಿಡ್ಲಿ. ನಮ್ಮ ಗುಡ್ಡೇಲಿ ಜೇನಿಗೆ ಬರವಾ ಅಣ್ಣಾ?"

ಗುಡ್ಡ ಹತ್ತಿ ತುಡುವೆ ಜೇನು ತಂದೆ. ದಿನವೂ ಹಚ್ಚಿಕೊಂಡಳು. ಮಳೆ ಹಿಡಿಯುವ ಹೊತ್ತಿಗೆ ಗಂಟು ದೊಡ್ಡದಾಗಿ ಬಾಯಿ ತೆರೆಯುವುದೇ ಕಷ್ಟವಾಯಿತು. ಹಚ್ಚಿದರೆ ಸಾಲದು, ಸೂಜಿಯಲ್ಲೇ ಹಾಕಬೇಕೇನೋ ಎಂದು ಬಾಟ್ಲಿ ಹಿಡಿದು ಮತ್ತೆ ಕಾರವಾರಕ್ಕೆ ಹೋದೆವು.

ಡಾಕ್ಟರಮ್ಮ ಬಾಟ್ಲಿ ನೋಡಿದರು, ನಮ್ಮನ್ನು ನೋಡಿದರು, ನಗಲಿಲ್ಲ. "ನಾನೇ ಬಿಡಿಸಿ ಹೇಳಬೇಕಿತ್ತು. ಜೇನಲ್ಲ ಅಜ್ಜಾ, ಜೀನು."

"ಅದೆಂತದು?" ಎಂದು ಕೇಳಿದೆ.

"ಮೈಯ ಒಂದೊಂದು ಕಣದಲ್ಲೂ ಅದು ಹೇಗೆ ನಡೀಬೇಕು ಅಂತ ಅಪ್ಪ ಅಮ್ಮನಿಂದ ಬಂದ ಅಪ್ಪಣೆ ಇರ್ತದೆ. ಅದೇ ಜೀನು. ಕಾವಲಿಗಂತಲೇ ಒಂದಿದೆ, ಕಣ ಹದ ತಪ್ಪಿ ಬೆಳೆದ್ರೆ ತಡೆಯೋದು ಅದರ ಕೆಲಸ. ಇಂಥ ಗಂಟುಗಳಲ್ಲಿ ಎಷ್ಟೋ ಸಲ ಅದು ಕೆಟ್ಟಿರ್ತದೆ. ನೆಗಡಿ ತರೋ ವೈರಸ್ಸಿನ ಜೋರು ಇಳಿಸಿ, ಅದರ ಬೆನ್ನ ಮೇಲೆ ಹೊಸ ಕಾವಲುಗಾರನ್ನ ಕೂರಿಸಿ ಒಳಗೆ ಬಿಡ್ತಾರೆ."

"ಹಂದಿ ಬರ್ದಂಗೆ ಕಾಯೂಕೆ ಗದ್ದೆ ಮಾಳದ ಅಟ್ಟದಲ್ಲಿ ಆಳು ಕೂತಂಗೆ" ಎಂದೆ. ತಡೆಯಲಾಗಲಿಲ್ಲ, ಮತ್ತೆ ಕೇಳಿದೆ. "ಹೊಸಬ್ನಿಗೆ ನಮ್ಮ ಗದ್ದೆ ಯಾವ್ದು ಅಂತ ಹೆಂಗೆ ತಿಳೀತದೆ? ಎಷ್ಟು ದಿನ ಎಚ್ಚರ ಇರ್ತಾನೆ?"

"ಅದನ್ನೇ ಇನ್ನೂ ಹುಡುಕ್ತಾ ಇದ್ದಾರೆ ಅಜ್ಜಾ."

ಕಲಿತವರೂ ಇನ್ನೂ ಕೇಳುತ್ತಲೇ ಇದ್ದಾರೆ ಎಂದು ತಿಳಿದು ನನಗೆ ಮತ್ತಷ್ಟು ಕೇಳಬೇಕೆನಿಸಿತು. ತಿಮ್ಮಿ ಬಿಡಲಿಲ್ಲ.

"ನೀ ಸುಮ್ನಿರು. ಚೀನಾದ ಕಾವಲಿನವ ಬರೂವರಿಗೆ ಹಂದಿ ಗದ್ದೆ ಬಿಟ್ಟು ಕೂತ್ಕಣ್ತದಾ?" ಡಾಕ್ಟರಮ್ಮನ ಕಡೆ ತಿರುಗಿದಳು. "ಅಮ್ಮಾ, ಕೊಯ್ದ ಮೇಲೆ ಪೇಟೇಲಿ ಕೂಗೂಕೆ ಆತದಾ?"

"ಮಾತು ಸ್ವಲ್ಪ ತೊದಲಬಹುದು."

"ತೊದಲಿದ್ರೂ ಇವನಕಿಂತ ಹೆಚ್ಚೇ ಮಾತಾಡ್ತೆ. ಇಂವ ಜಲ್ಮದಲ್ಲಿ ಬಾಯಿ ಬಿಟ್ಟದ್ದು ಇವತ್ತೇ."

ಮಧ್ಯಾಹ್ನದ ಹುಬ್ಬಳ್ಳಿ ಬಸ್ಸು ಹತ್ತಿದೆವು. ಅಂಕೋಲೆಯಲ್ಲಿ ಬಸ್ಸು ನಿಂತಾಗ, ಮನೆಗೆ ಹೋಗಿ ಬಟ್ಟೆ ತಗೊಂಡು ನಾಳೆ ಹೊರಡುವ ಎಂದೆ.

"ಇಳಿದ್ರೆ ಮತ್ತೆ ಹತ್ತೂದಿಲ್ಲ ನಾನು" ಎಂದಳು ತಿಮ್ಮಿ. "ಕೂತ್ಕಾ."