ಇಬ್ಬನಿಗೆ ಮುನಿಯುವ ಮಷೀನು

"ಈಗ ನೋಡಿದ್ರೆ ಎಲ್ಲಾ ಸರಿಯಾಗೇ ಐತೆ," ಎಂದಳು ಮಷೀನ್ ರಿಪೇರಿಗೆ ಬಂದಿದ್ದ ಪುಷ್ಪಲತಾ, ಲ್ಯಾಪ್‌ಟಾಪಿನ ಮೇಲೆ ಬಿದ್ದ ಬಿಸಿಲನ್ನು ಅಂಗೈಯಿಂದ ಮರೆಮಾಡುತ್ತ.

"ನಾನು ಹೇಳ್ಲಿಲ್ವಾ ಮೇಡಂ?" ರಸ್ತೆ ಕೆಲಸದ ಮೇಸ್ತ್ರಿ ಪಾಲಾಕ್ಷ ತೊಡೆ ತಟ್ಟಿಕೊಂಡ. "ರೋಗ ಮಷೀನಿಗಲ್ಲ, ಇವ್ನಿಗೆ. ಬೆಳಿಗ್ಗೆ ಮಷೀನ್ ಏಳಲ್ಲ ಅಂತಾನೆ, ಬಿಸಿಲೇರಿದ ಮೇಲೆ ತಾನೇ ಸರಿಹೋಯ್ತು ಅಂತಾನೆ. ಚಳೀಲಿ ಕಂಬಳಿ ಬಿಟ್ಟು ಏಳಾಕೆ ಇವ್ನಿಗೇ ಮನಸಿಲ್ಲ. ನಾಳೆಯಿಂದ ಬೇರೆ ಡ್ರೈವರ್ ಕರೆಸ್ತೀನಿ."

ಡ್ರೈವರ್ ಓಬಳೇಶ ಮಷೀನಿಗೆ ಒರಗಿ ನಿಂತಿದ್ದ. ದೊಡ್ಡಉಳ್ಳಾರ್ತಿಯ ಕುರಿ ಕಾಯುವವರ ಮನೆಯವನು ಅವನು. ಮಣ್ಣಿನ ಲಾರಿಯಲ್ಲಿ ಕ್ಲೀನರಾಗಿ, ಕಂಡಕಂಡವರ ಬೈಗುಳ ತಿಂದು, ಮಣ್ಣು ಅಗೆಯುವ ಈ ಆನೆಗಾತ್ರದ ಮಷೀನಿನ ಸೀಟು ಹತ್ತಿದ್ದು ದೀಪಾವಳಿ ಕಳೆದ ಮೇಲಷ್ಟೆ. ಅವನ ಕಣ್ಣು ಪುಷ್ಪಲತಾಳ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ಕೂಸಿನ ನಾಡಿ ಹಿಡಿದ ಡಾಕ್ಟರನ್ನು ನೋಡುವವರ ಹಾಗಿತ್ತು ಆ ನೋಟ.

ಹಳೇ ಕಾಲದ ಮಷೀನಾಗಿದ್ದರೆ ಪಾನಾ ಹಿಡಿದು ಬಿಚ್ಚಿ ನೋಡಬಹುದಿತ್ತು. ಇದರಲ್ಲಿ ಇಂಜಿನ್ನಿನ ಬುದ್ಧಿ ಒಂದು ಪೆಟ್ಟಿಗೆಯಲ್ಲಿ, ಬಕೆಟ್ ಎತ್ತುವ ಪಂಪಿನ ಬುದ್ಧಿ ಇನ್ನೊಂದು ಪೆಟ್ಟಿಗೆಯಲ್ಲಿ. ಜಡೆಯಂತೆ ಹೆಣೆದ ಎರಡು ಸಣ್ಣ ವೈರುಗಳ ಮೇಲೆ ಅವೆರಡೂ ಬಿಡುವಿಲ್ಲದೆ ಮಾತಾಡಿಕೊಳ್ಳುತ್ತಿರಬೇಕು. ಮಾತು ಕಡಿಯಿತೋ, ಮಷೀನು ಮುನಿದು ಕೂತುಬಿಡುತ್ತದೆ. ಅದರ ನೆನಪಿನಲ್ಲಿ ಉಳಿದ ಗುರುತುಗಳೂ ಇದನ್ನೇ ಹೇಳುತ್ತಿದ್ದವು. ಮಾತು ಕಡಿದಿದೆ, ಮತ್ತೆ ಕೂಡಿದೆ. ಅದೂ ಬೆಳಗಿನ ಹೊತ್ತೇ.

"ಡ್ರೈವರ್ ಸುಳ್ಳು ಹೇಳ್ತಿಲ್ಲ ಅಣ್ಣಾ. ಬೆಳಿಗ್ಗೆ ನಿಜವಾಗ್ಲೂ ನಿಂತೈತೆ."

"ನಿಲ್ದೆ ಏನು? ಇವ್ನೇ ವೈರ್ ಕೀಳ್ತಾನೆ, ಆಮೇಲೆ ಇವ್ನೇ ಸಿಕ್ಕಿಸ್ತಾನೆ."

ಓಬಳೇಶನ ಮುಖ ಕಪ್ಪಿಟ್ಟಿತು. ಪುಷ್ಪಲತಾ ಲ್ಯಾಪ್‌ಟಾಪ್ ಮಡಚಿದಳು. ಪಾಲಾಕ್ಷನೊಡನೆ ವಾದಿಸಿ ಫಲವಿಲ್ಲ ಎಂಬುದು ಅವಳಿಗೆ ತಿಳಿದುಹೋಗಿತ್ತು.

"ಬೆಳಿಗ್ಗೆ ಕೆಮ್ಮೋ ರೋಗೀನ ಬೆಳಿಗ್ಗೇನೇ ನೋಡ್ಬೇಕು. ಕ್ಯಾಬಿನ್ನಿಗೆ ಬೀಗ ಹಾಕಿ ಕೀ ನನ್ ಕೈಗೆ ಕೊಡಿ. ನಾಳೆ ನಾನೇ ತೆಗೀತೀನಿ. ಆಗ ಎದ್ರೆ ನಿಮ್ ಮಾತು ನಿಜ. ಏಳ್ದಿದ್ರೆ ಇವರದು."

ಮರುದಿನ ಅವಳು ಚಳ್ಳಕೆರೆಯಿಂದ ಸ್ಕೂಟರಿನಲ್ಲಿ ಬರುವಾಗ ಹುಲ್ಲುಗಾವಲೆಲ್ಲ ಇಬ್ಬನಿಗೆ ಬೆಳ್ಳಗಾಗಿತ್ತು. ಮಷೀನಿನ ಪಕ್ಕದಲ್ಲಿ ಓಬಳೇಶನ ಅವ್ವ ಕರಿಯಕ್ಕ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು, ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗನ ಕೆಲಸ ಹೋಗುತ್ತದೆಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ನನ್ ಮಗ ಕಳ್ಳಾಟದೋನಲ್ಲ ಕಣವ್ವಾ. ಚೆನ್ನಾಗಿ ನೋಡು."

"ಅದಕ್ಕೇ ಬಂದಿರೋದು ಅವ್ವಾ."

ಪುಷ್ಪಲತಾ ಬೀಗ ತೆಗೆದು ಕೀ ತಿರುಗಿಸಿದಳು. ಪರದೆಯ ಮೇಲೆ ಕೆಂಪು ದೀಪ ಮಿಣಿಮಿಣಿ ಮಿಟುಕಿತು, ಇಂಜಿನ್ ಮಾತ್ರ ಉಸಿರೆತ್ತಲಿಲ್ಲ. ಕೆಳಗೆ ಓಬಳೇಶನ ಪಕ್ಕ ನಿಂತಿದ್ದ ಪಾಲಾಕ್ಷ ತನ್ನ ಮಫ್ಲರ್ ಸರಿಮಾಡಿಕೊಂಡು ಬೇರೆ ಕಡೆ ನೋಡಿದ.

ಅವಳು ಕೀ ಆಫ್ ಮಾಡಿ ಮೀಟರಿನ ಕಡ್ಡಿಗಳನ್ನು ವೈರಿಗೆ ತಾಕಿಸಿದಳು. ಅರವತ್ತು ಓಮ್ ತೋರಿಸಬೇಕಾದದ್ದು ನಲವತ್ತರ ಆಚೀಚೆ ಹೊಯ್ದಾಡುತ್ತಿತ್ತು. ವೈರು ಕಡಿದಿದ್ದರೆ ಅಂಕಿ ಏರಬೇಕಿತ್ತು. ಇಳಿದಿದೆ ಎಂದರೆ ಎಲ್ಲೋ ತೇವ ಸೇರಿ ಎರಡು ವೈರುಗಳ ನಡುವೆ ಕಳ್ಳದಾರಿ ಮಾಡಿದೆ. ಒಂದೊಂದೇ ಜೋಡಣೆಯನ್ನು ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿ ನೋಡುತ್ತ ಹೋದಳು. ಕೊನೆಗೆ ಸೀಟಿನ ಹಿಂದಿನ ಹಲಗೆ ತೆಗೆದು ಕೈ ಇಳಿಬಿಟ್ಟಾಗ ಬೆರಳಿಗೆ ಒದ್ದೆ ಉಣ್ಣೆ ಸಿಕ್ಕಿತು.

ಕರಿ ಕಂಬಳಿಯ ತುಂಡಿನಲ್ಲಿ ಕಟ್ಟಿದ ಗಂಟು. ಒಳಗೆ ಕಲ್ಲುಪ್ಪು, ಒಣಮೆಣಸಿನಕಾಯಿ, ಇದ್ದಿಲ ಚೂರು. ಬೆಳಗಿನ ತೇವ ಕುಡಿದು ಉಪ್ಪು ಕರಗಿ, ಹನಿಹನಿಯಾಗಿ ಕೆಳಗಿನ ಜೋಡಣೆಗೆ ಇಳಿದಿತ್ತು. ಒಳಗಿನ ಮುಳ್ಳಿನಂಥ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು. ಬಿಸಿಲಿಗೆ ಆರಿದರೆ ಮಷೀನು ಸರಿ, ಇಬ್ಬನಿ ಬಿದ್ದರೆ ಮತ್ತೆ ಮುನಿಸು.

ತಲೆಯೆತ್ತಿದಾಗ ಕರಿಯಕ್ಕನ ಮುಖ ಕಂಡಿತು. ಕೇಳುವುದೇನೂ ಉಳಿದಿರಲಿಲ್ಲ. ಪುಷ್ಪಲತಾಳ ಸ್ಕೂಟರಿನ ಸೀಟಿನಡಿಯೂ ರಾಂಪುರದ ಅವಳವ್ವ ಇಂಥದ್ದೇ ಒಂದನ್ನು ಇಟ್ಟಿದ್ದಳು. ಅವಳು ಗಂಟನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು.

"ಜಾಯಿಂಟಿಗೆ ನೀರಿಳಿದೈತೆ ಅಣ್ಣಾ. ತೊಳ್ದು ಸರಿ ಮಾಡ್ತೀನಿ."

"ನೀರಾ?" ಪಾಲಾಕ್ಷನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ತೊಳೆಯೋವಾಗ ಇವ್ನೇ ಒಳಗಡೆ ಪೈಪ್ ಬಿಟ್ಟವ್ನೆ! ಲೇ ಓಬಳೇಶಾ, ಇದೇನು ಕುರಿ ಮೈ ತೊಳೆಯೋದು ಅನ್ಕೊಂಡ್ಯೇನೋ? ಸಾಕು, ನಡಿ ಮನೆಗೆ."

"ಅವ್ನಲ್ಲಪ್ಪಾ." ಕರಿಯಕ್ಕ ಎದ್ದು ನಿಂತಳು. "ಅವ್ನಲ್ಲ, ನಾನು. ಆ ಹುಡುಗಿ ಕೈಯಾಗೆ ಐತೆ ನೋಡು. ಬುತ್ತಿ ತಂದಿದ್ದೆ, ಇವ್ನು ಕೈ ತೊಳೆಯಾಕೆ ಹೋಗಿದ್ದ, ಆಗ ತುರುಕಿದ್ದು. ಇವ್ನಿಗೂ ಗೊತ್ತಿಲ್ಲ."

"ಅವ್ವಾ!" ಎಂದ ಓಬಳೇಶ.

"ಸುಮ್ನಿರು. ಕುರಿ ಕಾಯೋನು ಇಷ್ಟೆತ್ತರ ಕುಂತವ್ನೆ ಅಂತ ಊರಿಗೂರೇ ಬಂದು ನಿಂತು ನೋಡ್ತು. ಅಷ್ಟು ಜನದ ಕಣ್ಣು ನೀನೊಬ್ಬ ತಡ್ಕೊಂತಿದ್ಯಾ?"

ಪಾಲಾಕ್ಷನ ನೋಟ ಒಮ್ಮೆ ಆ ಗಂಟಿನ ಮೇಲೆ, ಒಮ್ಮೆ ತನ್ನ ಜೀಪಿನ ಮೂತಿಗೆ ತೂಗುಬಿಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯ ಮೇಲೆ ಓಡಾಡಿತು.

"ಇಂಥವೆಲ್ಲ ಹೊರಗಡೆ ಕಟ್ಟಬೇಕು ಕಣಮ್ಮಾ," ಎಂದ ಕೊನೆಗೆ. "ಒಳಗ್ಯಾರು ಇಡ್ತಾರೆ?"

"ಹೊರಗೆ ಕಟ್ಟಾಕೆ ನೀನು ಬಿಡ್ತಿದ್ಯಾ? ಕಂಪನಿ ಮಷೀನು, ಮುಟ್ಬೇಡ ಮುದುಕಿ ಅಂತ ಬಂದ್ ದಿನಾನೇ ಗದರಿದ್ದೆಲ್ಲ!"

ಪಾಲಾಕ್ಷನಿಗೆ ನಗು ಬಂದುಬಿಟ್ಟಿತು. ಅದನ್ನು ಮಫ್ಲರಿನಲ್ಲಿ ಒರೆಸಿಕೊಂಡ.

ಪುಷ್ಪಲತಾ ಕಿಲುಬು ಕೆರೆದು, ಪಿನ್ನುಗಳನ್ನು ಬದಲಿಸಿ, ಗಾಳಿ ಹೊಡೆದು ಒಣಗಿಸಿ, ಜೋಡಣೆಯನ್ನು ಬಿಗಿಯಾಗಿ ಸುತ್ತಿದಳು. ಮೀಟರು ಅರವತ್ತಕ್ಕೆ ಬಂದು ನಿಂತಿತು. ಇಬ್ಬನಿ ಇನ್ನೂ ಕರಗಿರಲಿಲ್ಲ. ಅವಳು ಕೆಳಗಿಳಿದು ಒದ್ದೆ ಗಂಟನ್ನು ಕರಿಯಕ್ಕನ ಅಂಗೈಯಲ್ಲಿಟ್ಟಳು.

"ಹತ್ತಲೇ," ಎಂದ ಪಾಲಾಕ್ಷ, ಓಬಳೇಶನ ಮುಖ ನೋಡದೆ. "ಹೊತ್ತಾಯ್ತು."

ಒಂದೇ ತಿರುವಿಗೆ ಇಂಜಿನ್ ಗುಡುಗಿತು. ಬಕೆಟ್ ನಿಧಾನವಾಗಿ ನೆಲ ಬಿಟ್ಟು ಮೇಲೆದ್ದಿತು. ಕರಿಯಕ್ಕ ಗಂಟನ್ನು ಸೆರಗಿಗೆ ಸಿಕ್ಕಿಸಿ, ಎಟುಕದ ಎತ್ತರದಲ್ಲಿದ್ದ ಕ್ಯಾಬಿನ್ನಿನತ್ತ ಎರಡೂ ಕೈ ಚಾಚಿದಳು. ಗಾಳಿಯನ್ನೇ ನೀವಿ ತಂದು, ಬೆರಳುಗಳನ್ನು ತನ್ನ ಕಪಾಲಕ್ಕೊತ್ತಿ ಲಟಿಕೆ ಮುರಿದಳು. ಇಂಜಿನ್ನಿನ ಆರ್ಭಟದಲ್ಲಿ ಆ ಸದ್ದು ಯಾರಿಗೂ ಕೇಳಿಸಲಿಲ್ಲ.