ಹಗ್ಗ ಮುಟ್ಟದ ಕೈಗಳು

“ಏನಲೇ, ನಿಮ್ಮಪ್ಪನ ಹೆಣ ಕಂಡಂಗ ನಿಂತೀರಿ? ಹಗ್ಗ ಬಿಗೀರಲೇ ಬೋಳಿಮಕ್ಳ!”

ಮೇಸ್ತ್ರಿ ಶಿವಶಂಕರ ಹಗ್ಗದ ಸುರುಳಿಯನ್ನು ಕೂಲಿಯಾಳು ನಾಗಕ್ಕನ ಕಾಲಬುಡಕ್ಕೆ ಎಸೆದ. ಕಡಲ ದಂಡೆಯ ಮರಳಲ್ಲಿ ಬಸ್ಸಿನಷ್ಟು ಉದ್ದದ ತಿಮಿಂಗಿಲ ಸತ್ತು ಬಿದ್ದಿತ್ತು. ಹೊಟ್ಟೆ ಉಬ್ಬಿ, ತೊಗಲು ಬಿಗಿದು, ಒಳಗೆ ಏನೋ ಗುಳುಗುಳು ಅನ್ನುತ್ತಿತ್ತು. ಕೂಡ್ಲಿಗಿ ಕಡೆಯ ಹೊಸಹಳ್ಳಿಯಿಂದ ದುಡಿಯಲು ಬಂದಿದ್ದ ಹನ್ನೊಂದು ಜನ ಮೂಗು ಮುಚ್ಚಿ ನಿಂತಿದ್ದರು.

ದಂಡೆಯ ಮೇಲಿನ ರೆಸಾರ್ಟಿನ ಉದ್ಘಾಟನೆ ಇವತ್ತು. ‘ತಿಮಿಂಗಿಲ ನೋಡಬನ್ನಿ’ ಎಂದು ಬೋರ್ಡು ಹಾಕಿದ್ದರು. ದೋಣಿ ನಿಲ್ಲುವ ಕಟ್ಟೆಗೆಂದು ತಿಂಗಳಿಂದ ನೀರೊಳಗಿನ ಬಂಡೆಗೆ ಮದ್ದು ಸಿಡಿಸುತ್ತಿದ್ದರು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದಾಗ, ಇದು ಮದ್ದಿನಿಂದಲೇ ಅಲ್ಲವೇ ಎಂದು ನಾಗಕ್ಕ ಕೇಳಿದ್ದಳು. ಆಳಿನ ಮಾತು ಯಾರ ಕಿವಿಗೆ ಬೀಳುತ್ತದೆ?

“ಗೆಸ್ಟ್ ಏಳೋದ್ರಾಗ ಎಳದು ಹೂಳ್ರಿ. ಊರಾಗ ಸತ್ತ ದನ ಎಳಿಯೋ ಕುಲ ನಿಮ್ದು. ನಿಮಗ್ಯಾತರ ಹೇಸಿಗಿ?”

ನಾಗಕ್ಕನ ಮೈಯೆಲ್ಲ ಉರಿಯಿತು. ದನ ಎಳೆಯುವ ಹಗ್ಗವನ್ನು ಅವಳ ಅತ್ತೆ ಕರಿಯಕ್ಕ ಹೊಸಹಳ್ಳಿಯ ನಡುಬೀದಿಯಲ್ಲೇ ಸುಟ್ಟಿದ್ದಳು. ಆ ತಪ್ಪಿಗೆ ಊರು ಆರು ತಿಂಗಳು ಕೇರಿಗೆ ನೀರು ಕೊಡಲಿಲ್ಲ, ಕೂಲಿಗೆ ಕರೆಯಲಿಲ್ಲ. ಕೇರಿ ಉಪವಾಸ ಬಿತ್ತು, ಹಗ್ಗ ಮಾತ್ರ ಮುಟ್ಟಲಿಲ್ಲ.

“ನಾವು ಎಳಿಯಂಗಿಲ್ರಿ,” ಅಂದಳು.

“ಹಂಗಾರ ಈಗಲೇ ಶೆಡ್ ಖಾಲಿ ಮಾಡ್ರಿ. ಹಾದ್ಯಾಗ ಸಾಯ್ರಿ!”

ಗಂಡ ಹುಲುಗಣ್ಣ ಪಿಸುಗುಟ್ಟಿದ, “ನಾಗಿ, ಒಂದ್ಸಲ ಮುಟ್ಟಿದ್ರ ಏನಾಕ್ಕೈತಿ? ಎಲ್ಲಿಗಂತ ಹೋಗಾನ?”

“ನಿಮ್ಮವ್ವನ ಮುಂದ ಏನಂತ ಹೇಳ್ತಿ? ಮೊದ್ಲು ಅದನ್ನ ಹೇಳು.”

ಹುಲುಗಣ್ಣ ಹಗ್ಗದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ದಂಡೆಯಲ್ಲಿ ನಿಂತಿದ್ದ ಜೆಸಿಬಿಯವನಿಗೆ ಶಿವಶಂಕರ ಹೆಣ ನೂಕೆಂದು ಕೈಬೀಸಿದ.

“ಅದರ ಹೊಟ್ಟಿಗೆ ಹಚ್ಚಬ್ಯಾಡ್ರಿ, ಒಡೀತೈತಿ. ಉಬ್ಬಿದ ದನ ನೋಡಿ ಬೆಳದಾಕಿ ಹೇಳ್ತೀನಿ,” ಅಂದಳು ನಾಗಕ್ಕ.

“ಬಾಯಿ ಮುಚ್ಚೇ, ರಂಡಿ!”

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಾಗಕ್ಕ ಕಾಂಕ್ರೀಟ್ ಹೊರುವ ಕಬ್ಬಿಣದ ಪುಟ್ಟಿ ಎತ್ತಿಕೊಂಡು ಕಲ್ಲಿನಿಂದ ಬಡಿಯತೊಡಗಿದಳು. ಊರಲ್ಲಿ ಸಾವು ಸಾರಲು ಅವಳ ಮಾವ ಹಲಗೆಯ ಮೇಲೆ ಹಾಕುತ್ತಿದ್ದ ಏಟು ಅದು. ಅವನದು ಬಿಟ್ಟಿ ಚಾಕರಿ. ಇವಳಿಗೆ ಯಾರೂ ಬಡಿಯೆಂದು ಹೇಳಿರಲಿಲ್ಲ.

“ತಿಮಿಂಗಿಲ ನೋಡಾಕ ಬಂದೋರೆಲ್ಲ ಬರ್ರಪ್ಪೋ! ಸತ್ತೈತಿ, ನೋಡ್ರಿ ಬರ್ರಿ!”

ಒಂದೊಂದೇ ಬಾಲ್ಕನಿಯ ಬಾಗಿಲು ತೆರೆಯಿತು. ಬಿಳಿ ಬಟ್ಟೆಯ ಅತಿಥಿಗಳು ಫೋನು ಹಿಡಿದು ಇಳಿದುಬಂದರು. ಹುಲುಗಣ್ಣನೂ ಒಂದು ಪುಟ್ಟಿ ಎತ್ತಿಕೊಂಡ.

“ನೂಕಲೇ, ಜಲ್ದಿ ನೂಕು!” ಶಿವಶಂಕರ ಜೆಸಿಬಿಯವನಿಗೆ ಅರಚಿದ.

“ದೂರ ನಿಲ್ರಿ, ಹತ್ರ ಹೋಗಬ್ಯಾಡ್ರಿ!” ನಾಗಕ್ಕ ಕೂಗಿದಳು. ಹೊಸಹಳ್ಳಿಯವರು ಹಿಂದೆ ಸರಿದರು. ಅತಿಥಿಗಳು ಫೋಟೋಗೆಂದು ಇನ್ನೂ ಎರಡು ಹೆಜ್ಜೆ ಮುಂದೆ ಬಂದರು.

ಜೆಸಿಬಿಯ ಹಲ್ಲು ಉಬ್ಬಿದ ಹೊಟ್ಟೆಯ ಮೇಲೆ ಕೂತಿತು. ಒಳಗಿನ ಗುಳುಗುಳು ನಿಂತಿತು.