ಬಾಗಿಲಿದ್ದ ಡೇರೆ

"ಮಲಗಿ," ಎಂದಳು ಹನುಮಕ್ಕ.

ಗುಜರಿ ಅಂಗಡಿಯ ಹಿಂದಿನ ಬಯಲಿನಲ್ಲಿ ಎತ್ತಿ ಕಟ್ಟಿದ್ದ ಮಿಲಿಟರಿ ಡೇರೆಯೊಳಗೆ ಅವಳ ಗಂಡ ಬೈರಯ್ಯ ರುಮಾಲು ತೆಗೆದು ಪಕ್ಕಕ್ಕಿಟ್ಟು ಉದ್ದಕ್ಕೆ ಮಲಗಿದ. ಅವನ ಭುಜದಿಂದ ಶುರುಮಾಡಿ ಹನುಮಕ್ಕ ಗೇಣು ಹಾಕುತ್ತ ಹೋದಳು. ಇಲ್ಲಿ ಗಂಡ, ಇಲ್ಲಿ ತಾನು, ಆಮೇಲೆ ನಾಲ್ಕು ಮಕ್ಕಳು. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಮಾತ್ರ ನಡುಗಂಬದ ಪಕ್ಕ, ಗಾಳಿ ಬಡಿಯದ ಕಡೆ, ಇನ್ನೂ ಒಂದು ಜಾಗ ಅಳೆದಳು.

"ಅದ್ಯಾರಿಗೆ?"

"ಅತ್ತೆಗೆ."

"ಅವ್ವ ತಮ್ಮನ ಮನೇಲವ್ಳಲ್ಲ?"

"ಹೊರಬೀಡಲ್ಲಿ ಯಾರಿಗೆ ಯಾವ ಮನೆ? ನೀವು ಸುಮ್ಕೆ ಮಲಗಿ."

ಮಾಗಡಿ ರಸ್ತೆಯ ಪಕ್ಕದ ಅವರ ಊರಿನಲ್ಲಿ ಒಂದೇ ತಿಂಗಳಿಗೆ ಹನ್ನೊಂದು ದನ ಸತ್ತಿದ್ದವು. ಊರಿನ ಪೀಡೆ ತೊಲಗಲೆಂದು ಮೂರು ದಿನದ ಹೊರಬೀಡು ಹೋಗುವುದೆಂದು ಹಿರಿಯರು ತೀರ್ಮಾನಿಸಿದ್ದರು. ಮನೆಮನೆಯ ಬಾಗಿಲಿಗೆ ಮುಳ್ಳು ಹಾಕಿ, ದನ, ಕೋಳಿ, ಮಕ್ಕಳನ್ನೆಲ್ಲ ಕರೆದುಕೊಂಡು ಶ್ರೀಗಂಧದ ಕಾವಲಿನ ಬಯಲಿಗೆ ಹೋಗಿ ಇರಬೇಕು. ಆ ಮೂರು ದಿನ ಯಾರೂ ಮನೆ ಎಂಬುದರೊಳಗೆ ಕಾಲಿಡುವಂತಿಲ್ಲ.

ಊರಿನವರೆಲ್ಲ ಸೋಗೆ, ದುಪ್ಪಟಿ ಹೊಂದಿಸುತ್ತಿದ್ದರು. ಹನುಮಕ್ಕನೂ ಅಷ್ಟಕ್ಕೇ ಸುಮ್ಮನಿರುತ್ತಿದ್ದಳು. ಆದರೆ ಓರಗಿತ್ತಿ ಅಂಜನಮ್ಮನ ಗಂಡ ವೆಂಕಟಗಿರಿ, ಕೆಲಸ ಮಾಡುವ ಮಿಲ್ಲಿನಿಂದ ದೊಡ್ಡ ಟಾರ್ಪಾಲು ತಂದನೆಂಬ ಸುದ್ದಿ ಕಿವಿಗೆ ಬಿತ್ತಲ್ಲ, ಅಲ್ಲಿಂದ ಅನ್ನ ರುಚಿಸಲಿಲ್ಲ. ಎರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಅತ್ತೆ ಅಣ್ಣಮ್ಮ ಗಂಟು ಹಿಡಿದುಕೊಂಡು ಹೋದದ್ದು ಕಿರಿಸೊಸೆಯ ಮನೆಗೆ. ಹಿರಿಸೊಸೆ ಇರುವಾಗ! ಅಂದಿನಿಂದ ಅಂಜನಮ್ಮನ ಮನೆ ಕಡೆಯಿಂದ ಒಗ್ಗರಣೆ ವಾಸನೆ ಬಂದರೂ ಹನುಮಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಅತ್ತೆಯ ತಲೆಗೆ ಅವಳು ಎಣ್ಣೆ ಹಚ್ಚುವುದನ್ನು ಕಂಡ ದಿನವಂತೂ ಇವಳ ಮಕ್ಕಳಿಗೆ ಸುಮ್ಮಸುಮ್ಮನೆ ಏಟು ಬೀಳುತ್ತಿತ್ತು.

ಅಂಗಡಿಯ ಸಾಹೇಬರು ಇನ್ನೊಂದು ಡೇರೆ ತೋರಿಸಿದರು. "ಇದು ನೋಡಕ್ಕಾ, ಬರೀ ಮೇಲ್ಗಡೆ ಬಟ್ಟೆ. ಗೋಡೆ ಇಲ್ಲ, ರೇಟು ಅರ್ಧ. ಮೂರು ದಿನಕ್ಕೆ ಸಾಕಲ್ಲ?"

"ಟಾರ್ಪಾಲಿಗೂ ಇದಕ್ಕೂ ಏನ್ ವ್ಯತ್ಯಾಸ? ನಂಗೆ ಗೋಡೆ ಬೇಕು. ಬಾಗ್ಲೂ ಬೇಕು."

ಗೋಡೆಯಿದ್ದ ಡೇರೆಯ ನೆತ್ತಿಯಲ್ಲಿ ಮುಷ್ಟಿ ಗಾತ್ರದ ತೂತಿತ್ತು. ಅದನ್ನೇ ಹಿಡಿದು ಚೌಕಾಸಿ ಮಾಡಿ, ಒಂದು ಟಗರು ಮಾರಿದ ದುಡ್ಡಿಗೆ ಇಳಿಸಿದಳು. ತೂತಿಗೆ ಗೋಣಿ ತುಂಡಿಟ್ಟು ದಬ್ಬಣದಿಂದ ತಾನೇ ಹೊಲಿದಳು. ಬೈರಯ್ಯ ದಾರ ಪೋಣಿಸಿ ಕೊಡುತ್ತ ಹೋದ; ಇಂಥ ಹೊತ್ತಿನಲ್ಲಿ ಬಾಯಿ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು.

ಹೊರಬೀಡಿನ ಬೆಳಿಗ್ಗೆ ಕಾವಲಿನಲ್ಲಿ ಡೇರೆ ಎದ್ದು ನಿಂತಾಗ ಊರಿಗೆ ಊರೇ ನೋಡಲು ಬಂತು. ಬದಿಗೊಂದು ಕಿಟಕಿ, ಮುಂದೆ ಹಗ್ಗದಲ್ಲಿ ಕಟ್ಟುವ ಬಾಗಿಲು. ಇಪ್ಪತ್ತು ಮಾರು ದೂರದಲ್ಲಿ ಅಂಜನಮ್ಮನ ಟಾರ್ಪಾಲು ನಾಲ್ಕು ಬೊಂಬಿನ ಮೇಲೆ ಪಟಪಟ ಎನ್ನುತ್ತಿತ್ತು. ಹನುಮಕ್ಕನಿಗೆ ಎರಡು ವರ್ಷದ ಮೇಲೆ ಉಸಿರಾಡಿದಂತಾಯಿತು. ಬಾಗಿಲ ಮುಂದೆ ಸಗಣಿಯಲ್ಲಿ ಸಾರಿಸಿ, ಎಳೆ ತಪ್ಪದಂತೆ ರಂಗೋಲಿ ಬಿಟ್ಟಳು. ಆಮೇಲೆ ನೇರವಾಗಿ ಟಾರ್ಪಾಲಿನ ಕೆಳಗೆ ಹೋಗಿ ಅತ್ತೆಯ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು. ಅಂಜನಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ರಂಗೋಲಿಯ ಹತ್ತಿರ ನಿಂತು, ಕಾವಲಿಗೆಲ್ಲ ಕೇಳುವಂತೆ ಹೇಳಿದಳು: "ಬಲಗಾಲಿಟ್ಟು ಬನ್ನಿ ಅತ್ತೆ."

ಅಣ್ಣಮ್ಮ ಕಾಲೆತ್ತಿದ್ದಳು. "ತಡಿಯವ್ವಾ!" ಎಂದು ಕೂಗಿದವನು ಊರ ಹಿರಿಯ ಬೆಟ್ಟಯ್ಯ. ಕೋಲೂರಿಕೊಂಡು ಹತ್ತಿರ ಬಂದ.

"ಏನವ್ವ ಹನುಮಕ್ಕ, ಬಾಗ್ಲು ಮಡಗಿದ್ದೆ, ಓಗ್ಲಿ ಅಂದೆ. ರಂಗೋಲಿ ಬುಟ್ಟೆ, ಓಗ್ಲಿ ಅಂದೆ. ಈಗ ಬಲಗಾಲಿಟ್ಟು ಬನ್ನಿ ಅಂದ್ಬುಟ್ಯಲ್ಲ! ಆ ಮಾತಾಡಿದ ಮ್ಯಾಕೆ ಇದು ಮನೇನೇ ಆಯ್ತು. ಹೊರಬೀಡಲ್ಲಿ ಮನೆ ಒಳೀಕೆ ಹೋಗಂಗಿಲ್ಲ."

"ಬಟ್ಟೆ ಡೇರೆ ಕಣಣ್ಣ ಇದು!"

"ನಾನಲ್ಲ ಮನೆ ಮಾಡಿದ್ದು, ನೀನು."

ಯಾರೋ ಕಿಸಕ್ಕೆಂದರು. ಚಾಪೆ, ಪಾತ್ರೆಗಳೆಲ್ಲ ಹೊರಗೆ ಬಂದವು. ಊರಿನ ಮಿಕ್ಕ ಮನೆಗಳಿಗೆ ಹಾಕಿದ ಹಾಗೆಯೇ ಡೇರೆಯ ಬಾಗಿಲಿಗೂ ಜಾಲಿಮುಳ್ಳಿನ ಕೊಂಬೆ ಅಡ್ಡ ಬಿತ್ತು. ಅಂಜನಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಿದ್ದಳು. ನಕ್ಕಳೋ ಇಲ್ಲವೋ, ಹನುಮಕ್ಕನ ಕಣ್ಣಿಗೆ ನಕ್ಕಂತೆಯೇ ಕಂಡಿತು.

ಜನ ಚದುರಿದ ಮೇಲೂ ಅಣ್ಣಮ್ಮ ಅಲ್ಲೇ ನಿಂತಿದ್ದಳು. "ಇಷ್ಟು ದೊಡ್ದು ಯಾಕ್ ತಂದೆ?" ಎಂದು ಕೇಳಿದಳು.

ಹನುಮಕ್ಕನಿಗೆ ತಡೆಯಲಾಗಲಿಲ್ಲ. "ನಿಮಗೇಯ. ಅವಳ ತಾವ ನೀವಿರೋದು ಕಂಡ್ರೆ ನಂಗೆ ಹೊಟ್ಟೆ ಉರೀತೈತೆ ಅತ್ತೆ. ಎರಡು ವರ್ಸದಿಂದ ಉರೀತೈತೆ. ನಾನೇನ್ ತೆಪ್ಪು ಮಾಡಿದ್ದೆ?"

"ಪಾಲಾದ ದಿನ ನಿನ್ನ ಬಾಗಿಲ್ತಾವ ಗಂಟಿಟ್ಕೊಂಡು ನಿಂತಿದ್ದೆ. ನೀನು ಒಳಗೆ ರಾಗಿ ಬೀಸ್ತಿದ್ದೆ. ತಲೆ ಎತ್ತಿ ನೋಡ್ದೆ, ತಿರ್ಗಾ ಬೀಸ್ದೆ."

"ಬಾಗ್ಲು ತೆಗೆದೇ ಇತ್ತಲ್ಲ! ನಿಮ್ಮನೆಗೆ ನೀವು ಬರಕ್ಕೆ ನಾನು ಕರೀಬೇಕಾ? ಕರೆದ್ರೆ ನೆಂಟರನ್ನ ಕರೆದಂಗಾಗ್ತದೆ ಅಂತ ಸುಮ್ಕಿದ್ದೆ."

"ಪಾಲಾದ ಮ್ಯಾಕೆ ಅದು ನಿನ್ ಮನೆ ಕಣವ್ವ. ಬನ್ನಿ ಅಂತೀಯೇನೋ ಅಂತ ನಿಂತೇ ಇದ್ದೆ. ಅಂಜನಿ ಅಂದ್ಲು. ಹೋದೆ."

ಅತ್ತೆ ಸೊಸೆಯ ಕೈಯಿಂದ ಚಾಪೆ ತೆಗೆದುಕೊಂಡು, ಮುಳ್ಳಿನ ಈಚೆ, ಬಿಸಿಲಲ್ಲೇ ಹಾಸಿ ಕೂತಳು. ಹನುಮಕ್ಕನೂ ಸೆರಗಿನ ತುದಿಯಿಂದ ಮೂಗೊರಸಿಕೊಂಡು ಪಕ್ಕದಲ್ಲಿ ಕೂತಳು.

"ಅತ್ತೇ, ಮುದ್ದೆ ಆರೋಗ್ತೈತೆ!" ಎಂದು ಅಂಜನಮ್ಮ ಅಲ್ಲಿಂದಲೇ ಕರೆದಳು.

"ನೀವು ಉಣ್ಣಿ. ನಾನು ಇಲ್ಲೇ ಉಣ್ತೀನಿ," ಎಂದಳು ಅಣ್ಣಮ್ಮ.

ಅಂಜನಮ್ಮ ತಟ್ಟೆ ಹಿಡಿದುಕೊಂಡು ಟಾರ್ಪಾಲಿನ ಅಂಚಿನಲ್ಲಿ ನಿಂತೇ ಇದ್ದಳು. ಮಗು ಬಂದು ಸೀರೆ ಜಗ್ಗಿತು. ಅವಳು ಈ ಕಡೆಯಿಂದ ಕಣ್ಣು ಕೀಳದೆಯೇ, ಅದರ ಬೆನ್ನಿಗೆ ಒಂದು ಏಟು ಹಾಕಿದಳು.